ಕೂಗುಬಳೆಯೂ ಕಲಾಯಿಯ ದಸ್ತಗೀರನೂ

“ಕೇಳ್ರಪ್ಪೋ ಕೇಳಿ! ದೊರೆಯ ಅಪ್ಪಣೆ! ಅರಮನೆ ಅಂಗಳದ ಮರಳಿನಡಿ ನಾಣ್ಯ ಹೂತಿದೆ. ಅಗೆಯೋ ಹಾಗಿಲ್ಲ, ಕೆದಕೋ ಹಾಗಿಲ್ಲ. ಕೂಗುಬಳೆಯ ಸದ್ದು ಕೇಳಿ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ರಾಜಕುಮಾರಿ, ಇಲ್ಲವೇ ಬಾಯಿಬಿಟ್ಟು ಕೇಳಿದ್ದು. ತಪ್ಪಿದವನು ಪಾಳುಬಾವಿಗೆ, ಅಮಾವಾಸ್ಯೆಗೆ ತಲೆದಂಡ!”

ಕೂಗುಬಳೆ ಅಂದರೆ ಕೋಲಿನ ತುದಿಗೆ ಬಿಗಿದ ಒಂದು ದೊಡ್ಡ ಬಳೆ. ಈಗ ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ಪೊಲೀಸರು ಮೈಮೇಲೆ ಆಡಿಸುತ್ತಾರಲ್ಲ, ಆ ಮೆಟಲ್ ಡಿಟೆಕ್ಟರಿನ ಮುತ್ತಜ್ಜಿ ಅಂದುಕೊಳ್ಳಿ. ಕೆಳಗೆ ಲೋಹ ಇದ್ದರೆ ಕೂಗುತ್ತದೆ. ಬೆಳ್ಳಿಗೆ ಎಲ್ಲಕ್ಕಿಂತ ಮೇಲಿನ ಕೀರಲು ದನಿ, ಮಿಕ್ಕವಕ್ಕೆ ಒಂದೊಂದಕ್ಕೆ ಒಂದೊಂದು ಅಂತ ಜನ ನಂಬಿದ್ದರು. ಯಾವನೋ ಹಡಗಿನ ವ್ಯಾಪಾರಿ ಕೊಟ್ಟು ಹೋಗಿದ್ದ. ಕೊಟ್ಟವನು ಸುಮ್ಮನೆ ಹೋದ, ಹೋದದ್ದು ಬೇರೆಯವರ ತಲೆ.

ಪಾತ್ರೆಗೆ ಕಲಾಯಿ ಹಾಕುವ ದಸ್ತಗೀರನಿಗೆ ಈ ಉಸಾಬರಿ ಯಾವ ಜನ್ಮಕ್ಕೂ ಬೇಕಿರಲಿಲ್ಲ. ಆದರೆ ಅವನ ತಮ್ಮ ಮೌಲಾ, ಎಳೇ ಪ್ರಾಯದ ಹುಂಬ, ರಾಜಕುಮಾರಿಯ ಆಸೆಗೆ ಹೋಗಿ ಎರಡು ಒಗಟು ಬಿಡಿಸಿ ಮೂರನೆಯದಕ್ಕೆ ಬಾವಿ ಸೇರಿದ್ದ. ಅಪ್ಪ ಅಮ್ಮ ಹೋದ ಮೇಲೆ ದಸ್ತಗೀರ ಎತ್ತಿ ಆಡಿಸಿದ ಹುಡುಗ ಅವನು. ನಾಳೆ ಅಮಾವಾಸ್ಯೆ. ದಸ್ತಗೀರ ಕಲಾಯಿ ಚೀಲ ಹೆಗಲಿಗೇರಿಸಿ ಅರಮನೆಗೆ ಬಂದ. ಏನು ಮಾಡಬೇಕೆಂದು ಗೊತ್ತಿದ್ದು ಬಂದವನಲ್ಲ, ಮನೆಯಲ್ಲಿ ಕೂರಲಾಗದೆ ಬಂದವನು.

ಬಾಗಿಲ ಕಾವಲಿನವನು ತಮಾಷೆಗೆ ಬಳೆಯನ್ನು ಅವನ ಚೀಲದ ಮೇಲೆ ಆಡಿಸಿದ. ಅದು ಕಿವಿ ಗುಂಯ್ಗುಡುವಂತೆ ಕೀರಿತು. “ಏನಯ್ಯಾ, ಬೆಳ್ಳಿ ಕದ್ದಿದ್ದೀಯಾ?” ತೆಗೆದು ನೋಡಿದರೆ ಒಂದು ತಾಮ್ರದ ಬಿಲ್ಲೆ, ಗಿರಾಕಿಗೆ ತೋರಿಸಲೆಂದು ಅರ್ಧಕ್ಕೆ ಮಾತ್ರ ಕಲಾಯಿ ಹಾಕಿದ್ದು. ಕೆಂಪು ಕಡೆ ಹಿಡಿದರೂ ಅದೇ ಕೂಗು, ಬಿಳಿ ಕಡೆ ಹಿಡಿದರೂ ಅದೇ. ಕಾವಲಿನವನು ನಕ್ಕು ಒಳಗೆ ಬಿಟ್ಟ.

ಅಂಗಳದ ಆಚೆ ಬಾವಿ. ಅದರೊಳಗಿಂದ ಹತ್ತಾರು ಗಂಟಲು ಒಟ್ಟಿಗೆ ಗೋಗರೆಯುತ್ತಿದ್ದವು. ಆ ಗದ್ದಲದಲ್ಲೂ “ಭಾಯ್!” ಅನ್ನುವ ಒಡಕು ದನಿ ದಸ್ತಗೀರನ ಎದೆಗೇ ನಾಟಿತು. ಅವನು ನೇರ ಹೋಗಿ ಒಗಟು ಬಿಡಿಸುವವರ ಸಾಲಿನಲ್ಲಿ ನಿಂತ.

ಅವನಿಗಿಂತ ಮುಂದೆ ನಿಂತಿದ್ದವನು ಮೀಸೆ ತಿರುವುತ್ತಿದ್ದ ಒಬ್ಬ ಪಾಳೆಯಗಾರ. ದೊರೆ ಕೇಳಿದ: “ಮಣ್ಣೊಳಗೆ ಮಲಗಿದ್ದಾನೆ, ಕೂಗಿದರೆ ಬೆಳ್ಳಿಯ ದನಿ, ಎಬ್ಬಿಸಿದರೆ ಬೆಳ್ಳಿಯಲ್ಲ. ಯಾರವನು?”

“ಬೆಳ್ಳಿಯನ್ನು ಮೀರಿಸೋದು ಚಿನ್ನ ಅಲ್ಲದೆ ಇನ್ನೇನು!” ಅಂದ ಪಾಳೆಯಗಾರ.

“ಚಿನ್ನದ ದನಿ ಬೆಳ್ಳಿಗಿಂತ ತಗ್ಗು ಕಣಯ್ಯಾ. ಬಾವಿಗೆ!”

ಮೀಸೆ ಸಮೇತ ಎಳೆದೊಯ್ದರು. ಮುಂದಿನವನು ಸಾವಕಾರರ ಮಗ. ಮೊದಲನೆಯದಕ್ಕೆ “ಹಾಗಾದರೆ ತಾಮ್ರ” ಅಂದು ಪಾರಾದ. ದೊರೆ ಎರಡನೆಯದು ಕೇಳಿದ: “ಇವನೂ ತಾಮ್ರದ ಮಗನೇ, ಮೈತುಂಬ ಅಪ್ಪನೇ ಇದ್ದಾನೆ. ಆದರೂ ಕೂಗಿದರೆ ದನಿ ಅರ್ಧಕ್ಕೆ ಇಳಿದಿದೆ. ಏನಾಗಿದೆ ಇವನಿಗೆ?”

“ಮೇಲೆ ಕಲಾಯಿ ಹಾಕಿದ್ದಾರೆ!”

“ಬಾವಿಗೆ!”

ದಸ್ತಗೀರನ ಸರದಿ ಬಂತು. ಮೊದಲನೆಯದಕ್ಕೆ ತಾಮ್ರ ಅಂದ. ಎರಡನೆಯದಕ್ಕೆ ಚೀಲದೊಳಗಿನ ಬಿಲ್ಲೆ ನೆನಪಾಯಿತು. “ಬುದ್ಧಿ, ಕಲಾಯಿ ಬರೀ ಚರ್ಮದ ಮೇಲಿನದು, ಅದಕ್ಕೆ ದನಿ ಇಳಿಯಲ್ಲ. ಕರಗಿಸೋವಾಗ್ಲೇ ತಾಮ್ರಕ್ಕೆ ತವರ ಬೆರೆಸಿರಬೇಕು. ಅದು ಕಂಚು. ಸ್ವಲ್ಪ ಬೆರೆತರೂ ಒಳಗಿನ ಗುಣಾನೇ ಕೆಡುತ್ತೆ.”

ದೊರೆ ತಲೆಯಾಡಿಸಿದ. “ಇನ್ನು ಕೊನೆಯದು. ಎಡಗಡೆ ಒಂದು ಗುಡ್ಡೆ, ಬಲಗಡೆ ಒಂದು. ಒಂದರಡಿ ಚಿಕ್ಕ ಚಿನ್ನದ ನಾಣ್ಯ, ಇನ್ನೊಂದರಡಿ ಸೀಸದ ತುಂಡು. ಜೋಡಿ ದಿನಾ ಹೊಸದು. ಬಳೆ ಕೇಳಿ ಹೇಳು, ಚಿನ್ನ ಎಲ್ಲಿದೆ?”

ದಸ್ತಗೀರ ಎಡಕ್ಕೆ ಬಳೆ ಹಿಡಿದ, ಗೊರ್ ಅಂದಿತು. ಬಲಕ್ಕೆ ಹಿಡಿದ, ಗೊರ್ ಅಂದಿತು. ಮತ್ತೆ ಮತ್ತೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೌಲಾ ಎಡ ಅಂದು ಬಾವಿ ಸೇರಿದ್ದ, ಅವನ ಹಿಂದಿನವನು ಬಲ ಅಂದು ಸೇರಿದ್ದ. ಅಯ್ಯೋ, ಆ ಬಡಪಾಯಿಯ ಸಂಕಟ ಯಾರಿಗೂ ಬೇಡ! ಬಳೆಯನ್ನು ಮರಳಿನ ಮೇಲೆ ಇಟ್ಟ. ಅವನು ಅಲ್ಲೇ ಕೂತು ಅತ್ತುಬಿಟ್ಟ.

“ಗೊತ್ತಾಗ್ತಿಲ್ಲ ಬುದ್ಧಿ. ನನಗೂ ಗೊತ್ತಾಗಲ್ಲ, ಈ ಬಳೆಗೂ ಗೊತ್ತಾಗಲ್ಲ. ಇಷ್ಟೇ ಇಷ್ಟು ಚಿನ್ನ, ಒಂದು ತುಂಡು ಸೀಸ, ಎರಡೂ ಒಂದೇ ಥರ ಕೂಗ್ತಾವೆ. ಎರಡನ್ನೂ ಅಗೆದೇ ನೋಡಬೇಕು.”

ಕಾವಲಿನವನು ಬಾವಿ ಕಡೆ ಒಂದು ಹೆಜ್ಜೆ ಇಟ್ಟೂ ಇಟ್ಟಿದ್ದ. ದೊರೆ ಕೈಯೆತ್ತಿ ತಡೆದ.

“ಅದೇ ಉತ್ತರ,” ಅಂದ. “ಎಡ ಅಂದವನೂ ಬಲ ಅಂದವನೂ ಕಣ್ಣುಮುಚ್ಚಿ ಕಲ್ಲು ಹೊಡೆದವರು. ಗೊತ್ತಿಲ್ಲ ಅನ್ನೋಕೆ ಒಬ್ಬನಿಗೂ ಬಾಯಿ ಬರಲಿಲ್ಲ. ಏನು ಬೇಕು ಕೇಳು.”

ಇದನ್ನು ಕಲಿಸಲು ಅಷ್ಟು ಜನರನ್ನು ಬಾವಿಗೆ ನೂಕಬೇಕಿತ್ತೇ ಅಂತ ನೀವು ಕೇಳುತ್ತೀರಿ. ದೊರೆಗಳನ್ನು ಯಾರು ಕೇಳುತ್ತಾರೆ ಹೇಳಿ!

“ರಾಜಕುಮಾರಿ ತಾಯಿ ಸುಖವಾಗಿರಲಿ ಬುದ್ಧಿ. ಬಾವಿಯೊಳಗೆ ನನ್ನ ತಮ್ಮ ಇದ್ದಾನೆ.”

“ಒಬ್ಬನನ್ನು ಬಿಡುತ್ತೇನೆ, ಉಳಿದವರ ದಂಡನೆ ಉಳಿದವರಿಗೆ. ಬಾವಿಯೊಳಕ್ಕೆ ಇಣುಕಬೇಡ. ಇಲ್ಲೇ ನಿಂತು ದನಿ ಕೇಳಿ ಹೇಳು, ನಿನ್ನವನು ಯಾವನು?”

“ಭಾಯ್! ಭಾಯ್!” ಎಲ್ಲರ ಗೋಳಿನ ನಡುವೆ ಆ ಒಡಕು ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ತಮ್ಮ ತೊಟ್ಟಿಲಲ್ಲಿದ್ದಾಗಿನಿಂದ ದಸ್ತಗೀರ ಕೇಳಿಕೊಂಡು ಬಂದ ದನಿ ಅದು. ಪಕ್ಕದಲ್ಲೇ ಇನ್ಯಾರೋ “ಅವ್ವಾ” ಅನ್ನುತ್ತಿದ್ದ. ಮೀಸೆಯ ಪಾಳೆಯಗಾರನೂ ಮಗುವಿನ ಹಾಗೆ ಅಳುತ್ತಿದ್ದ.

ದಸ್ತಗೀರ ಕಣ್ಣೊರೆಸಿಕೊಂಡು ಕೈಮುಗಿದ.

“ಗೊತ್ತಾಗ್ತಿಲ್ಲ ಬುದ್ಧಿ,” ಅಂದ. “ಎಲ್ಲರೂ ಒಂದೇ ಥರ ಕೂಗ್ತಾರೆ. ಎಲ್ಲರನ್ನೂ ಮೇಲೆತ್ತಿಯೇ ನೋಡಬೇಕು.”

ದೊರೆ ಸುತ್ತ ನೆರೆದವರ ಮುಖ ನೋಡಿದ. ಈಗಷ್ಟೇ ಎಲ್ಲರೆದುರು ಸರಿ ಅಂದ ಉತ್ತರವನ್ನು ತಪ್ಪು ಅನ್ನುವುದು ಹೇಗೆ? ಕೊನೆಗೆ ಹಗ್ಗ ತರಲು ಹೇಳಿದ.