ಈ ಗಿಡುಗ ಯಾರದು?

ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಕಾಲ. ಆಚೆ ದಡದಲ್ಲಿ ರಣಗೊಂಡ ಅಂತ ದೊಡ್ಡ ರಾಜ. ಈಚೆ ದಡದಲ್ಲಿ ಒಬ್ಬ ಸಣ್ಣ ರಾಜ, ಅವನದು ಅಂಗೈಯಗಲದ ರಾಜ್ಯ. ಸುತ್ತಲ ಏಳು ರಾಜರು ಕೂತು ಹಿಂದೆ ಒಂದು ಕಟ್ಟಳೆ ಮಾಡಿದ್ದರಂತೆ. ಯುದ್ಧವೇ ಆಗಲಿ, ಕಾಲಾಳು, ಕುದುರೆ, ಆನೆ ಯಾವುದೂ ರೈತರ ಹೊಲ ಮನೆ ಮುಟ್ಟಬಾರದು ಅಂತ.

ರಣಗೊಂಡನಿಗೆ ಈಚೆಯ ದೋಣಿಗಟ್ಟದ ಮೇಲೆ ಕಣ್ಣು. ಅದು ಸಿಕ್ಕರೆ ಹೊಳೆ ದಾಟೋ ವ್ಯಾಪಾರವೆಲ್ಲ ಅವನದೇ. ಏನು ಮಾಡಿದ? ಸಣ್ಣ ರಾಜ ಹೆದರಿ ಗಟ್ಟ ಬಿಟ್ಟುಕೊಡಲಿ ಅಂತ ಗಿಡುಗಗಳನ್ನ ಪಳಗಿಸಿ, ಕಾಲಿಗೆ ಕೆಂಡದ ಕುಡಿಕೆ ಕಟ್ಟಿ ಹಾರಿಸಿದನಂತೆ. ಈಚೆ ದಡದಲ್ಲಿ ದ್ಯಾಮವ್ವ ಅಂತ ಎಮ್ಮೆ ಸಾಕೋ ಹೆಂಗಸು, ಅವಳ ಬಣವೆ ಉರೀತು. ಪಕ್ಕದವರದೂ ಉರೀತು. ಎಮ್ಮೆಗಳು ಖಾಲಿ ಗೋದಲಿ ನೆಕ್ಕುತ್ತ ನಿಂತವಂತೆ.

ಸಣ್ಣ ರಾಜ ಆ ಏಳು ರಾಜರ ಸಭೆಗೆ ದೂರು ಕೊಟ್ಟ. ರಣಗೊಂಡ ನಕ್ಕ.

"ಕಟ್ಟಳೆಯಲ್ಲಿ ರೆಕ್ಕೆ ಅಂತ ಎಲ್ಲಿದೆ? ಅವು ನನ್ನವೂ ಅಲ್ಲ. ಹಕ್ಕಿ, ಎಲ್ಲಿಗೆ ಬೇಕೋ ಹಾರುತ್ತೆ."

ಒಬ್ಬ ರಾಜನಿಗೆ ರಣಗೊಂಡನಿಂದ ಉಪ್ಪು ಬರಬೇಕು, ಇನ್ನೊಬ್ಬನಿಗೆ ಕುದುರೆ. ಎಲ್ಲರೂ ಮೀಸೆ ನೀವುತ್ತ ಕೂತರಂತೆ.

ಸಣ್ಣ ರಾಜನಿಗೆ ಸಿಟ್ಟು ನೆತ್ತಿಗೇರಿತು. "ನಾವೂ ಗಿಡುಗ ಸಾಕಿ ಅವರ ಬಣವೆ ಸುಡೋಣ!"

"ಬೇಡ ನನ್ನಪ್ಪ" ಅಂದಳು ದ್ಯಾಮವ್ವ. "ಆಚೆ ದಡದಲ್ಲೂ ನನ್ನಂಥವಳೇ ಎಮ್ಮೆ ಕಟ್ಟಿರ್ತಾಳೆ. ನಂಗೆ ಬುಟ್ಟಿ ತುಂಬ ಮೀನು ಕೊಡಿಸು, ಸಾಕು."

ಗಿಡುಗ ಚುರುಕಾಗಿ ಹಾರಲಿ ಅಂತ ರಣಗೊಂಡ ಅರೆಹೊಟ್ಟೆಗೆ ಹಾಕ್ತಿದ್ದ. ದ್ಯಾಮವ್ವ ಹೊಳೆದಂಡೆಯ ಹಸಿ ಮರಳಲ್ಲಿ ಮೀನು ಹರವಿದಳು. ಗಿಡುಗಗಳು ಬಂದವು, ಮೀನು ಕಂಡವು, ಇಳಿದವು. ಹಸಿ ಮರಳಿಗೆ ತಾಗಿ ಕೆಂಡವೆಲ್ಲ ಚೊಯ್ ಅಂತ ಆರಿತು. ತಿಂದವು, ತಿಂದವು, ತಿಂದೇ ತಿಂದವು. ಊರವರು ಮೆಲ್ಲಗೆ ಕುಡಿಕೆ ಬಿಚ್ಚಿದರು. ಒಂದೂ ವಾಪಸು ಹೋಗಲಿಲ್ಲವಂತೆ.

ರಣಗೊಂಡ ಉರಿದುಕೊಂಡು ಏಳು ರಾಜರ ಸಭೆಗೆ ಓಡಿಬಂದ. "ನನ್ನ ಗಿಡುಗ ಕದ್ದಿದ್ದಾರೆ! ಒಂದೊಂದನ್ನೂ ಮರಿಯಿಂದ ಸಾಕಿದವನು ನಾನು!"

ದ್ಯಾಮವ್ವ ತೋಳ ಮೇಲೆ ಗಿಡುಗ ಕೂರಿಸಿಕೊಂಡು ಎದ್ದಳು. "ಹಾಗಾದ್ರೆ ಇವು ನಿಮ್ಮವಾ, ದೊರೆ?"

"ನನ್ನವೇ!"

"ತಗೊಳ್ಳಿ. ಸುಟ್ಟ ಬಣವೆನೂ ನಿಮ್ಮ ತಲೆಗೇ ಬಂತು. ಕಟ್ಟಿಕೊಡಿ."

"ಛೆ ಛೆ, ನನ್ನವಲ್ಲ!"

"ಹಾಗಾದ್ರೆ ನಮ್ಮಲ್ಲೇ ಇರಲಿ ಬಿಡಿ. ಇವತ್ತು ಮೀನು ತಿಂತಾವೆ. ನಾಳೆ ಯಾವ ದೊರೆ ಅರಮನೆ ಮೇಲೆ ಹಾರ್ತಾವೋ, ನಂಗೇನು ಗೊತ್ತು? ಹಕ್ಕಿ ಅಲ್ವಾ?"

ಮೀಸೆ ಮೇಲಿದ್ದ ಕೈಗಳೆಲ್ಲ ಇಳಿದವಂತೆ. ಉಪ್ಪು ತರಿಸೋ ರಾಜನೇ ಮೊದಲು ಎದ್ದ. "ಕಾಲಿದ್ದರೇನು, ರೆಕ್ಕೆಯಿದ್ದರೇನು, ಕಳಿಸಿದವನದೇ ಹೊಣೆ!" ಏಳೂ ಜನ ಹೂಂ ಅಂದರು. ಕಟ್ಟಳೆಗೆ ಹೊಸ ಮಾತು ಸೇರಿತು.

ಆ ಸುಗ್ಗಿಯಲ್ಲಿ ರಣಗೊಂಡನ ಸೈನಿಕರು ಈಟಿ ಇಳಿಸಿ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದರಂತೆ. ದ್ಯಾಮವ್ವ ಅವರಿಗೆಲ್ಲ ತಂಪು ಮಜ್ಜಿಗೆ ಕೊಟ್ಟಳು. ಎಮ್ಮೆಗಳು ಹೊಟ್ಟೆತುಂಬ ಮೇದು ಮಲಗಿದವು.

ಅವರು ಅಲ್ಲಿ ತಣ್ಣಗಿದ್ದಾರೆ, ನಾವು ಇಲ್ಲಿ ಹರಟುತ್ತ ಕೂತಿದ್ದೇವೆ. ಏಳಿ, ಕೈ ತೊಳೀರಿ, ಊಟ ಆರುತ್ತೆ.