ಬಾವಿಯ ಬಾಯಲ್ಲಿ ಆಡಿನ ಗಂಟೆ

"ಗುರುಗಳೇ, ನಾನು ಹೇಳಿದ್ದು ನಿಜವೆಂದು ಈ ಜನಕ್ಕೆ ಗೊತ್ತಾಗುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಮಠದ ಊಟದ ಮನೆಯ ತೊಲೆಗೆ ಗೆದ್ದಲು ಹಿಡಿದಿದೆ, ಇಂದೋ ನಾಳೆಯೋ ಮುರಿಯುತ್ತದೆ ಎಂದು ಅವನು ಎಲ್ಲರಿಗೂ ಹೇಳಿದ್ದ. ಎಲ್ಲರೂ ನಕ್ಕಿದ್ದರು. ಅಂದಿನಿಂದ ಅವನು ಊಟಕ್ಕೆ ಒಳಗೆ ಹೋಗುತ್ತಿರಲಿಲ್ಲ. ಹೊರಗೆ ಜಗುಲಿಯ ಮೇಲೆ ಕೂತು ತೊಲೆಯನ್ನೇ ನೋಡುತ್ತಿದ್ದ.

ಗುರು ಒಂದು ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನಿಗೆ ದುರುಗಿ ಎಂಬ ಮಗಳು. ಇನ್ನೂ ಚಿಕ್ಕವಳು, ಆಡು ಕಾಯುತ್ತಿದ್ದಳು.

ಬಾವಿ ತೋಡುವವರಲ್ಲಿ ಒಂದು ಪದ್ಧತಿ. ಬೆಳಿಗ್ಗೆ ದೀಪ ಹಚ್ಚಿ, ಬುಟ್ಟಿಯಲ್ಲಿಟ್ಟು ಕೆಳಗೆ ಬಿಡುತ್ತಾರೆ. ತಳದಲ್ಲೂ ದೀಪ ಉರಿದರೆ ಗಾಳಿ ಒಳ್ಳೆಯದು. ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ಆಮೇಲೆ ದಿನವಿಡೀ ಯಾರೂ ದೀಪದ ಮಾತೆತ್ತುವುದಿಲ್ಲ. ಬೆಳಗಿನ ಗಾಳಿ ಸಂಜೆಯವರೆಗೂ ಹಾಗೇ ಇರುತ್ತದೆಂದು ಅವರಿಗೆ ಯಾರು ಬರೆದುಕೊಟ್ಟಿದ್ದರೋ! ದುರುಗಿಯ ದೊಡ್ಡಪ್ಪ ಹೋದದ್ದು ಹೀಗೆಯೇ. ಮೇಲಿದ್ದವರು ಅವನ ಕೂಗಿಗೆ ಕಾದರು. ಉಸಿರು ಕಟ್ಟಿದವನು ಕೂಗುವುದು ಹೇಗೆ ಎಂದು ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಅಲ್ಲಿಂದಾಚೆ ಅಪ್ಪ ಬಾವಿಗೆ ಇಳಿದನೆಂದರೆ ದುರುಗಿ ಊಟ ಮುಟ್ಟುತ್ತಿರಲಿಲ್ಲ.

ಆಡು ಕಾಯುವಾಗ ಮರದಡಿ ಅವಳಿಗೆ ಜೋಂಪು ಹತ್ತುವುದಿತ್ತು. ಆಡಿನ ಕೊರಳ ಗಂಟೆ ಸದ್ದು ಮಾಡುವಷ್ಟು ಹೊತ್ತು ನಿದ್ದೆ. ಸದ್ದು ನಿಂತರೆ ತಟ್ಟನೆ ಎಚ್ಚರ. ಒಂದು ಮಧ್ಯಾಹ್ನ ಹಾಗೆ ಎಚ್ಚರವಾದವಳು ಆಡನ್ನು ಹುಡುಕಲು ಏಳಲಿಲ್ಲ. ಕೂತಲ್ಲೇ ಯೋಚಿಸಿದಳು. ಸಂಜೆ ಮನೆಗೆ ಬಂದ ಆಡಿನ ಕೊರಳು ಬರಿದಾಗಿತ್ತು.

ಮರುದಿನ ತೆಳ್ಳನೆಯ ಹುರಿಯ ಒಂದು ತುದಿಯನ್ನು ಅಪ್ಪನ ತೋಳಿಗೆ ಕಟ್ಟಿದಳು. ಬಾವಿಯ ಬಾಯಿಗೆ ಅಡ್ಡಲಾಗಿ ಬಿದಿರು ಇಟ್ಟು, ಇನ್ನೊಂದು ತುದಿಯನ್ನು ಅದರಲ್ಲಿ ತೂಗುವ ಗಂಟೆಗೆ ಕಟ್ಟಿದಳು. ಕೆಳಗೆ ಗುದ್ದಲಿ ಬಿದ್ದಾಗಲೆಲ್ಲ ಮೇಲೆ ಗಂಟೆ ಆಡಿತು.

"ಸದ್ದಾಗ್ತಿರೋವರೆಗೂ ಸುಮ್ಮನಿರಿ. ನಿಂತರೆ ಎಳೀರಿ," ಎಂದು ಮೇಲೆ ಹಗ್ಗ ಹಿಡಿಯುವವರಿಗೆ ಹೇಳಿದಳು.

"ಊರಲ್ಲೆಲ್ಲ ಗಂಟೆ ಹೊಡೆದರೆ ಓಡಿ ಬರ್ತಾರೆ. ಇವಳ ಗಂಟೆ ನಿಂತರೆ ಓಡಬೇಕಂತೆ!" ಎಂದು ಅವರ ಮೇಸ್ತ್ರಿ ನಕ್ಕ.

ಸ್ವಲ್ಪ ಹೊತ್ತಿಗೆ ಗಂಟೆ ನಿಂತಿತು. ದುರುಗಿ ಕಿರುಚಿದಳು. ಗಾಬರಿಯಿಂದ ಎಳೆದರು. ಅಪ್ಪ ಮೇಲೆ ಬಂದ. ಬಾಯಿ ತುಂಬ ಎಲೆಅಡಿಕೆ, ಹೆಬ್ಬೆರಳ ಮೇಲೆ ಸುಣ್ಣ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲೆ ಹಾಕುವಾಗಲೂ ತೋಳು ಆಡಿಸುತ್ತಿರಬೇಕೆಂದು ದುರುಗಿ ಅಪ್ಪನಿಂದ ಮಾತು ತೆಗೆದುಕೊಂಡಳು.

ಇನ್ನೊಂದು ದಿನ ಮತ್ತೆ ನಿಂತಿತು. ಹುರಿ ಗೋಡೆಯ ಕಲ್ಲಿಗೆ ಸಿಕ್ಕಿಕೊಂಡಿತ್ತು, ಅಷ್ಟೇ. "ನಾನೇನು ಬಿಂದಿಗೆನಾ, ಮನಸ್ಸು ಬಂದಾಗಲೆಲ್ಲ ಸೇದೋಕೆ?" ಎಂದು ಅಪ್ಪ ರೇಗಿದ. "ಇನ್ನೊಂದು ಸಲ ಹೀಗಾದರೆ ನಿನ್ನ ಗಂಟೆ ಬಾವಿಪಾಲು." ದುರುಗಿ ಹುರಿ ಗೋಡೆಗೆ ತಾಗದಂತೆ ನಡುವೆ ಒಂದು ಬಿದಿರ ತುಂಡು ಕೊಟ್ಟಳು.

ಆಮೇಲೊಂದು ದಿನ, ಬಿಸಿಲು ನೆತ್ತಿಗೇರಿದಾಗ, ಗಂಟೆಯ ಸದ್ದು ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು.

"ಅಪ್ಪಾ!" ಎಂದು ಕೂಗಿದಳು. ಬಾವಿ ಅವಳ ದನಿಯನ್ನೇ ಅವಳಿಗೆ ಹಿಂದಿರುಗಿಸಿತು.

"ಎಳೀರಿ ಮಾವ!"

ಮೇಸ್ತ್ರಿ ಕೂತಲ್ಲಿಂದ ಕದಲಲಿಲ್ಲ. "ಬೆಳಿಗ್ಗೆ ದೀಪ ಉರಿದದ್ದು ನೀನೂ ನೋಡಿದೀಯಲ್ಲ. ಎಲೆ ಹಾಕ್ತಿರ್ತಾನೆ, ಬಿಡೇ."

ಹಗ್ಗ ಅವಳೊಬ್ಬಳ ಕೈಗೆ ಬಗ್ಗುವಂಥದ್ದಲ್ಲ. ಅತ್ತರೆ ಇವರು ಏಳುವವರಲ್ಲ. ಏತಕ್ಕೆ ಏಳುತ್ತಾರೆ ಎಂಬುದು ಅವಳಿಗೆ ಇಷ್ಟು ದಿನದಲ್ಲಿ ಗೊತ್ತಾಗಿತ್ತು.

"ಅಪ್ಪ ಎಲೆ ಜಗೀತಾ ಬಂದರೆ ಈ ಗಂಟೆ ನನ್ನ ಕೊರಳಿಗೇ ಕಟ್ಟಿ ಮಾವ. ಊರೆಲ್ಲ ಮೆರವಣಿಗೆ ಮಾಡಿಸಿ. ನಾನು ಆಡಿನ ಹಾಗೆ ಕೂಗ್ತಾ ಬರ್ತೀನಿ."

ನಗುವ ಆಸೆಗೆ ಎಲ್ಲರೂ ಎದ್ದರು. ನಗುತ್ತಲೇ ಹಗ್ಗಕ್ಕೆ ಕೈ ಹಾಕಿದರು. ಎರಡು ಜಗ್ಗು ಎಳೆಯುವಷ್ಟರಲ್ಲಿ ನಗು ನಿಂತಿತು. ಎಚ್ಚರವಿದ್ದವನು ಗೋಡೆಗೆ ಕಾಲು ಕೊಟ್ಟುಕೊಂಡು ಹಗುರವಾಗಿ ಬರುತ್ತಾನೆ. ಈಗ ಹಗ್ಗದಲ್ಲಿ ಕಲ್ಲು ಕಟ್ಟಿದಷ್ಟು ಭಾರವಿತ್ತು.

ಹಗ್ಗದ ಗಡಗಡೆ ಕಿರುಗುಟ್ಟಿತು.

ಅಪ್ಪ ಮೇಲೆ ಬಂದಾಗ ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ತುಟಿ ಕಪ್ಪಿಟ್ಟಿತ್ತು. ದುರುಗಿ ಮುಖ ನೋಡಲಿಲ್ಲ. ಅವನ ಹೆಬ್ಬೆರಳನ್ನು ಹಿಡಿದು ನೋಡಿದಳು. ಸುಣ್ಣವಿರಲಿಲ್ಲ.

ಗಾಳಿಗೆ ಮಲಗಿಸಿದರು. ಎದೆ ತಿಕ್ಕಿದರು. ತುಂಬ ಹೊತ್ತಿನ ಮೇಲೆ ಅವನು ಕೆಮ್ಮಿದ, ಕಣ್ಣು ಬಿಟ್ಟ. ಮೇಸ್ತ್ರಿ ದೀಪ ಹಚ್ಚಿ ಬಾವಿಗೆ ಬಿಟ್ಟ. ತಳ ಮುಟ್ಟುವ ಮೊದಲೇ ಅದು ಆರಿತು.

ಆ ಸೀಮೆಯಲ್ಲಿ ಈಗಲೂ ಗಂಟೆ ಕಟ್ಟದೆ ಯಾರೂ ಬಾವಿಗೆ ಇಳಿಯುವುದಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ನೋಡಿದಿರಾ ಗುರುಗಳೇ! ಎಷ್ಟು ನಕ್ಕರೂ ಕೊನೆಗೆ ಗೆದ್ದದ್ದು ಅವಳೇ ತಾನೆ?"

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಜನ ಒಬ್ಬೊಬ್ಬರಾಗಿ ಊಟದ ಮನೆಯೊಳಗೆ ಹೋಗತೊಡಗಿದರು. ಗುರು ಅತ್ತ ನೋಡಿ ಹೇಳಿದರು:

"ಮೂರು ಸಲವೂ ಆ ಮಗು ತನ್ನ ಭಯ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ಹಗ್ಗ ಎಳೆಸಿತು, ನೀನು ನಿನ್ನ ಮಾತು ನಿಜವಾಗಲೆಂದು ಕಾಯುತ್ತ ಜಗುಲಿಯ ಮೇಲೆ ಕೂತಿದ್ದೀಯ."