ತಿಮ್ಮರಸಯ್ಯನ ಮೋಟು ತೋಳು

ಹತ್ತಿರ ಬನ್ರೋ, ಒಬ್ಬ ಜಿಪುಣನ ಕಥೆ ಹೇಳ್ತೀನಿ. ದುಡ್ಡಿನ ಜಿಪುಣ ಅಲ್ಲ, ಬಾಯಿಮಾತಿನ ಜಿಪುಣ!

ಆನೆಗಳೂ ಮಾತಾಡ್ತಿದ್ದ ಕಾಲದಲ್ಲಿ ಹೊಂಬಾಳೆಪುರ ಅಂತ ಒಂದು ರಾಜ್ಯ. ಅಲ್ಲಿ ರಾಜನ ಆನೆಲಾಯಕ್ಕೆ ತಿಮ್ಮರಸಯ್ಯ ಅನ್ನೋನು ಯಜಮಾನ. ರಾಜ ಒಮ್ಮೆ "ಭಲೇ" ಅಂದಿದ್ದಕ್ಕೆ ಊರೆಲ್ಲ ಹೇಳಿಕೊಂಡು ತಿರುಗಿದವನು. ತನ್ನ ಕೈಕೆಳಗಿನವರಿಗೆ ಒಂದು ಒಳ್ಳೇ ಮಾತು? ಉಹ್ಞೂಂ! "ಹೊಗಳಿದರೆ ತಲೆ ಮೇಲೆ ಕೂರ್ತಾರೆ" ಅಂತಿದ್ದ.

ಒಂದು ದಿನ ಮದವೇರಿದ ಆನೆಯನ್ನು ಮಾವುತ ಜಡೆಯ ಜೀವದ ಹಂಗು ತೊರೆದು ಹಿಡಿದು ಕಟ್ಟಿದ. ತಿಮ್ಮರಸಯ್ಯ ಮೂತಿ ತಿರುವಿದ. "ಮಾವುತ ಅಂದ್ಮೇಲೆ ಹಿಡೀಲೇಬೇಕು. ಅದೇನು ಮಹಾ?"

ಮಳೆಗಾಲದಲ್ಲಿ ಹೊಳೆ ಉಕ್ಕಿತು. ಮೇವಿನ ತಾಯಮ್ಮ ಎದೆಮಟ್ಟದ ನೀರಲ್ಲಿ ಹುಲ್ಲು ಹೊತ್ತು ತಂದಳು. "ಸಂಬಳ ತಗೊಳಲ್ವಾ? ತರಲೇಬೇಕು. ಅದೇನು ಮಹಾ?"

ಆಮೇಲೊಮ್ಮೆ ರಾಜನ ಸಾರೋಟು ಕೆಸರಲ್ಲಿ ಹೂತುಕೊಂಡಿತು. ಭೈರ ಅನ್ನೋ ದಂತದ ಆನೆ ಒಂದೇ ಎಳೆತಕ್ಕೆ ಮೇಲೆತ್ತಿ, ಯಜಮಾನ ಶಹಬ್ಬಾಸ್ ಅಂತಾನೇನೋ ಅಂತ ಸೊಂಡಿಲು ಚಾಚಿ ನಿಂತ. "ಅಷ್ಟೊಂದು ತಿಂತೀಯ, ಎಳೀಲೇಬೇಕು. ಅದೇನು ಮಹಾ?" ಪಾಪ, ಭೈರ ಸೊಂಡಿಲು ಮಡಚಿಕೊಂಡ.

ವರ್ಷ ತಿರುಗಿತು. ಒಳ್ಳೇ ಯಜಮಾನನಿಗೆ ರಾಜ ಚಿನ್ನದ ಕಡಗ ತೊಡಿಸುವ ದಿನ ಬಂತು. ತಿಮ್ಮರಸಯ್ಯನಿಗೆ ಜನ್ಮದ ಆಸೆ ಅದೊಂದೇ. ಕಡಗ ಎದ್ದು ಕಾಣಲಿ ಅಂತ ಹೊಸ ಅಂಗಿಯ ತೋಳನ್ನೇ ಮೊಳಕೈಗೆ ಕತ್ತರಿಸಿಕೊಂಡು ಬಂದ, ಪುಣ್ಯಾತ್ಮ! ಆದರೆ ಆ ರಾಜ್ಯದಲ್ಲೊಂದು ಪದ್ಧತಿ. ಜೊತೇಲಿ ದುಡಿಯೋರಲ್ಲಿ ಒಬ್ಬರಾದರೂ ಅವನ ಬಗ್ಗೆ ಒಳ್ಳೇ ಮಾತಾಡಬೇಕು. ಇಲ್ಲದಿದ್ದರೆ ಕಡಗ ಇಲ್ಲ. ಆಡದೆ ಎಲ್ಲಿಗೆ ಹೋಗ್ತಾರೆ ಅಂತ ಇವನ ಧೈರ್ಯ.

"ನಿಮ್ಮ ಯಜಮಾನ ಲಾಯವನ್ನು ಹೇಗೆ ನೋಡ್ಕೊಂಡ?" ರಾಜ ಕೇಳಿದ.

"ಯಜಮಾನ ಅಂದ್ಮೇಲೆ ನೋಡ್ಕೊಳ್ಳಲೇಬೇಕು ಮಹಾಸ್ವಾಮಿ. ಅದೇನು ಮಹಾ?" ಅಂದ ಜಡೆಯ.

"ಸಂಬಳ ತಗೊಳಲ್ವಾ? ಅದೇನು ಮಹಾ?" ಅಂದಳು ತಾಯಮ್ಮ.

ತಿಮ್ಮರಸಯ್ಯ ಬೆವೆತುಹೋದ. ಭೈರನ ಕಡೆ ನೋಡಿ ಹಲ್ಲು ಗಿಂಜಿದ. ಭೈರ ಅವನ ಹೊಟ್ಟೆಯನ್ನೊಮ್ಮೆ ಸೊಂಡಿಲಿಂದ ತಡವಿ, "ಅಷ್ಟೊಂದು ತಿಂತಾರೆ, ನೋಡ್ಕೊಳ್ಳಲೇಬೇಕು" ಅಂದ. ಸಭೆ ಬಿದ್ದೂಬಿದ್ದೂ ನಕ್ಕಿತು.

"ಹಾಗಾದರೆ ಲಾಯದಲ್ಲಿ ಒಳ್ಳೇ ಕೆಲಸಗಾರರು ಯಾರು?"

ಜಡೆಯ ತಾಯಮ್ಮನನ್ನು ತೋರಿಸಿದ, ತಾಯಮ್ಮ ಜಡೆಯನನ್ನು. ಆಮೇಲೆ ಇಬ್ಬರೂ ಸೇರಿ ಭೈರನನ್ನು. ಕಡಗ ಭೈರನ ದಂತಕ್ಕೆ ಹೋಯಿತು. ದಿನಾ ಅದನ್ನು ಉಜ್ಜುವ ಕೆಲಸ ತಿಮ್ಮರಸಯ್ಯನಿಗೆ!

ಮಾರನೇ ದಿನ ಮೋಟು ತೋಳಲ್ಲೇ ಬಂದು ಉಜ್ಜಿದ. "ಚೆನ್ನಾಗಿ ಉಜ್ಜಿದೆಯಪ್ಪ" ಅಂದ ಭೈರ. ತಿಮ್ಮರಸಯ್ಯನ ಕಣ್ಣಲ್ಲಿ ನೀರು ಬಂತು. ಆಗಲೇ ಹೊಳೀತಿದ್ದ ಕಡಗವನ್ನು ಮತ್ತೆ ಉಜ್ಜಿದ, ಇನ್ನೊಂದು ಸಲ ಅಂತಾನೇನೋ ಅಂತ.

ಕೇಳಿದ್ರಲ್ಲ? ಜೊತೇಲಿ ದುಡಿಯೋರಿಗೆ ಒಂದು ಒಳ್ಳೇ ಮಾತಾಡಿ, ನಿಮ್ಮಪ್ಪನ ಗಂಟೇನೂ ಹೋಗಲ್ಲ. ಆಡೋಕೆ ಆಗಲ್ವಾ? ಹಾಗಾದರೆ ಅಂಗಿಯ ತೋಳು ಕತ್ತರಿಸಿಕೊಂಡು ಕಾಯಬೇಡಿ.